ಮನೆಯ ಒಲೆ ಆರದಿರಲಿ

(ಹೆತ್ತವರಿಗಾಗಿ ಏರ್ಪಡಿಸಲಾದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನನಗೆ ವಹಿಸಲಾದ ವಿಷಯ ಕೆಲವರಿಗೆ ಸಣ್ಣದೆನಿಸಬಹುದು. ಶಿಕ್ಷಣ, ಉದ್ಯೋಗ, ವರದಕ್ಷಿಣೆ, ಮೀಸಲಾತಿ ಎಂದು ಸಮುದಾಯದ ಮುಂದೆ ನೂರೆಂಟು ಸಮಸ್ಯೆಗಳಿರುವಾಗ ಅಡುಗೆಮನೆಯ ಕುರಿತು ಮಾತಾಡುವುದಕ್ಕೆ ಸಭೆ ಕರೆಯಬೇಕೇ ಎಂದು ಪ್ರಶ್ನಿಸುವವರೂ ಇರಬಹುದು. ಆದರೆ ಒಂದು ಸಂಗತಿಯನ್ನು ಯೋಚಿಸಿ ನೋಡಿ. ಮೂವತ್ತೈದು ನಲ್ವತ್ತು ವರ್ಷ ಪ್ರಾಯದಲ್ಲೇ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿರುವ ಯುವಕರು ಇಂದು ಯಾವ ಮೊಹಲ್ಲಾದಲ್ಲಿಲ್ಲ? ಡಯಾಲಿಸಿಸ್‌ಗೆಂದು ಸಹಾಯ ಯಾಚಿಸುವ ಮನವಿ ಪತ್ರ ಯಾವ ಮಸೀದಿಯ ಬಾಗಿಲಿಗೆ ಬರುವುದಿಲ್ಲ? ಮಗಳ ಓದಿಗೆಂದು ಕೂಡಿಟ್ಟ ಹಣ ಆಸ್ಪತ್ರೆಗೆ ಸಂದಾಯವಾಗುವ ಮನೆಯಲ್ಲಿ ಶಿಕ್ಷಣದ ಸಮಸ್ಯೆಯೂ ಉದ್ಯೋಗದ ಸಮಸ್ಯೆಯೂ ಅಡುಗೆಮನೆಯ ಸಮಸ್ಯೆಯೊಂದಿಗೆ ಹೆಣೆದುಕೊಂಡಿರುತ್ತವೆ.

ಇದು ಕೇವಲ ಭಾವನೆಯ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲೂ ನಡೆದು 2023ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನದ ಪ್ರಕಾರ, ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ಮಧುಮೇಹದ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ 13.6 ಕೋಟಿ. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಭಾರತೀಯರಿಗಾಗಿ ಹೊರತಂದ ಆಹಾರ ಮಾರ್ಗಸೂಚಿಯು, ದೇಶದ ಒಟ್ಟು ರೋಗಭಾರದಲ್ಲಿ ಶೇ. 56.4ರಷ್ಟಕ್ಕೆ ಅನಾರೋಗ್ಯಕರ ಆಹಾರ ಕ್ರಮವೇ ಕಾರಣ ಎಂದು ಅಂದಾಜಿಸಿದೆ. ಇನ್ನೊಂದೆಡೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆಯಿದೆ. ಅಂದರೆ, ಒಂದೇ ದೇಶದಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ತಂದೆಯ ರಕ್ತದಲ್ಲಿ ಸಕ್ಕರೆ ಹೆಚ್ಚು, ಮಗುವಿನ ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ. ಹೊಟ್ಟೆ ತುಂಬುತ್ತಿದೆ, ಶರೀರ ಸೊರಗುತ್ತಿದೆ.

ಸಹೋದರ ಸಹೋದರಿಯರೇ, ಆಹಾರದ ವಿಷಯದಲ್ಲಿ ನಮ್ಮದು ಬಹಳ ಎಚ್ಚರಿಕೆಯ ಸಮುದಾಯ. ಊರು ಬಿಟ್ಟು ಊರಿಗೆ ಹೋದರೆ ನಾವು ಮೊದಲು ಹುಡುಕುವುದು ಹಲಾಲ್ ಹೋಟೆಲನ್ನು. ಮಾಂಸ ಯಾರು ಕೊಯ್ದರು, ಹೇಗೆ ಕೊಯ್ದರು ಎಂದು ವಿಚಾರಿಸುತ್ತೇವೆ. ಈ ಎಚ್ಚರಿಕೆ ಶ್ಲಾಘನೀಯವೇ. ಆದರೆ ಪವಿತ್ರ ಕುರ್‌ಆನ್ ಆಹಾರದ ಪ್ರಸ್ತಾಪ ಬಂದಲ್ಲೆಲ್ಲ ಹಲಾಲ್ ಎಂಬ ಪದವನ್ನು ಒಂಟಿಯಾಗಿ ಬಳಸಿ ಸುಮ್ಮನಾಗಿಲ್ಲ. ಅದರ ಜೊತೆಗೆ ತಯ್ಯಿಬ್ ಎಂಬ ಪದವನ್ನೂ ಹಲವೆಡೆ ಜೋಡಿಸಿದೆ. ತಯ್ಯಿಬ್ ಎಂದರೆ ಶುದ್ಧವಾದುದು, ಉತ್ತಮವಾದುದು, ಹಿತಕರವಾದುದು. ಹಲಾಲ್ ಮುದ್ರೆಯಿರುವ ಪೊಟ್ಟಣದಲ್ಲಿ ಹಂದಿಯ ಕೊಬ್ಬಾಗಲಿ ಮದ್ಯಸಾರವಾಗಲಿ ಇಲ್ಲವೆಂಬ ಭರವಸೆ ಸಿಗಬಹುದು. ಆದರೆ ಉಪ್ಪೆಷ್ಟು, ಸಕ್ಕರೆಯೆಷ್ಟು, ಎಣ್ಣೆಯೆಷ್ಟು ಎಂಬುದಕ್ಕೆ ಆ ಮುದ್ರೆ ಉತ್ತರಿಸುವುದಿಲ್ಲ. ಮೊದಲನೆಯ ಪ್ರಶ್ನೆಯನ್ನು ಶ್ರದ್ಧೆಯಿಂದ ಕೇಳುವ ನಾವು ಎರಡನೆಯ ಪ್ರಶ್ನೆಯನ್ನು ಕೇಳದೇ ಬಿಟ್ಟರೆ ಆಜ್ಞೆಯ ಅರ್ಧವನ್ನು ಮಾತ್ರ ಪಾಲಿಸಿದಂತಾಗುತ್ತದೆ.

ಪೊಟ್ಟಣದ ಆಹಾರ ನಮ್ಮ ಮನೆಗಳಿಗೆ ಹೇಗೆ ಬಂತು ಎಂಬುದನ್ನೂ ಸ್ವಲ್ಪ ಅವಲೋಕಿಸೋಣ. ಕರಾವಳಿಯ ಮುಸ್ಲಿಮ್ ಮನೆಗಳಿಗೆ ಅದು ಬಹುಮಟ್ಟಿಗೆ ಬಂದದ್ದು ಕೊಲ್ಲಿ ರಾಷ್ಟ್ರಗಳಿಂದ, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳಲ್ಲಿ. ನೀರಿಗೆ ಬೆರೆಸುವ ಕಿತ್ತಳೆ ಪಾನೀಯದ ಪುಡಿ, ಹಾಲಿನ ಪುಡಿಯ ಡಬ್ಬ, ಚಾಕಲೇಟು, ಬಿಸ್ಕತ್ತು. ಎರಡು ವರ್ಷಕ್ಕೊಮ್ಮೆ ಮುಖ ತೋರಿಸುವ ತಂದೆಗೆ ಮಕ್ಕಳ ಮೇಲಿನ ಪ್ರೀತಿಯನ್ನು ತೋರಲು ಇದ್ದ ದಾರಿ ಅದೊಂದೇ. ಆ ಪ್ರೀತಿಯನ್ನು ಯಾರೂ ಲಘುವಾಗಿ ಕಾಣಬಾರದು. ಆದರೆ ಕಾಲಕ್ರಮೇಣ ಪೊಟ್ಟಣವು ಪ್ರೀತಿಯ ಕುರುಹಾಗಿ, ಬಳಿಕ ಪ್ರತಿಷ್ಠೆಯ ಕುರುಹಾಗಿ ಮಾರ್ಪಟ್ಟಿತು. ಅತಿಥಿ ಬಂದಾಗ ಮನೆಯಲ್ಲಿ ಮಾಡಿದ ಪುಂಡಿಯನ್ನೋ ಪತ್ತಿರನ್ನೋ ಬಡಿಸಲು ಸಂಕೋಚ. ಬಣ್ಣದ ಪೇಯ ಮತ್ತು ಬೇಕರಿಯ ಪಫ್ಸ್ ಇಟ್ಟರೆ ಮರ್ಯಾದೆ. ಮಗುವಿನ ಬುತ್ತಿಯಲ್ಲಿ ರೊಟ್ಟಿಯಿದ್ದರೆ ಬಡತನ. ಕೆನೆ ತುಂಬಿದ ಬಿಸ್ಕತ್ತಿದ್ದರೆ ಸಿರಿವಂತಿಕೆ. ತಮಾಷೆಯೆಂದರೆ, ಯಾವ ಕೊಲ್ಲಿ ರಾಷ್ಟ್ರಗಳಿಂದ ಈ ಅಭ್ಯಾಸ ಬಂತೋ ಅಲ್ಲಿನ ಸರಕಾರಗಳೇ ಬೊಜ್ಜು ಮತ್ತು ಮಧುಮೇಹದಿಂದ ಕಂಗೆಟ್ಟಿವೆ. 2017ರಲ್ಲಿ ಸೌದಿ ಅರೇಬಿಯಾ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳು ನೊರೆಯುಕ್ಕುವ ಸಿಹಿಪಾನೀಯಗಳ ಮೇಲೆ ಶೇ. 50ರಷ್ಟು, ಎನರ್ಜಿ ಡ್ರಿಂಕ್‌ಗಳ ಮೇಲೆ ಶೇ. 100ರಷ್ಟು ವಿಶೇಷ ತೆರಿಗೆ ವಿಧಿಸಿದವು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಪೊಟ್ಟಣದಲ್ಲಿ ಬರುವುದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹಾಲು ಪೊಟ್ಟಣದಲ್ಲೇ ಬರುತ್ತದೆ. ಬೇಳೆ, ರವೆ, ಗೋಧಿ ಹಿಟ್ಟು, ಅಯೋಡಿನ್ ಸೇರಿಸಿದ ಉಪ್ಪು ಕೂಡ ಹಾಗೆಯೇ. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾನಿಲಯದ ತಜ್ಞ ಕಾರ್ಲೊಸ್ ಮೊಂಟೆರೊ ಮತ್ತು ಅವರ ಸಂಗಡಿಗರು ಆಹಾರವನ್ನು, ಅದನ್ನು ಎಷ್ಟು ಸಂಸ್ಕರಿಸಲಾಗಿದೆ ಎಂಬುದರ ಆಧಾರದಲ್ಲಿ ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಅಕ್ಕಿ, ಕಾಳು, ತರಕಾರಿ, ಮೀನು, ಹಾಲು ಮೊದಲ ಗುಂಪು. ಅಡುಗೆಗೆ ಬಳಸುವ ಎಣ್ಣೆ, ಉಪ್ಪು, ಸಕ್ಕರೆ ಎರಡನೆಯದು. ಇವೆರಡನ್ನು ಸೇರಿಸಿ ಮಾಡಿದ ಉಪ್ಪಿನಕಾಯಿ, ಚೀಸಿನಂಥವು ಮೂರನೆಯದು. ಕಾರ್ಖಾನೆಯಲ್ಲಿ ಪಿಷ್ಟ, ಎಣ್ಣೆ, ಸಕ್ಕರೆ, ಕೃತಕ ಬಣ್ಣ, ಕೃತಕ ಪರಿಮಳಗಳಿಂದ ರೂಪಿಸಿದ ತಿನಿಸುಗಳು ನಾಲ್ಕನೆಯದು. ಇದನ್ನೇ ಅತಿ ಸಂಸ್ಕರಿತ ಆಹಾರ ಎನ್ನುತ್ತಾರೆ. ನಮ್ಮ ಚರ್ಚೆ ಇರುವುದು ಈ ನಾಲ್ಕನೆಯ ಗುಂಪಿನ ಕುರಿತು.

ಅದು ಏಕೆ ಅಪಾಯಕಾರಿ? ಕಾರಣ ಸರಳ. ಮನೆಯ ಅಡುಗೆ ಸಂಜೆಗೆ ಹಳಸುತ್ತದೆ. ಆದರೆ ಕಾರ್ಖಾನೆಯ ತಿನಿಸು ಆರು ತಿಂಗಳು ಅಂಗಡಿಯ ಕಪಾಟಿನಲ್ಲಿ ಕೆಡದೆ ಕೂತಿರಬೇಕು. ಗೋಧಿಯ ಮೊಳಕೆಯ ಭಾಗದಲ್ಲಿ ಎಣ್ಣೆಯಿರುವುದರಿಂದ ಅದು ಬೇಗ ಕಮಟು ಹಿಡಿಯುತ್ತದೆ. ಆದ್ದರಿಂದ ಹೊಟ್ಟನ್ನೂ ಮೊಳಕೆಯನ್ನೂ ತೆಗೆದು ಮೈದಾ ಮಾಡಲಾಗುತ್ತದೆ. ನಾರು ಹೋಯಿತು, ಜೀವಸತ್ವಗಳ ಬಹುಪಾಲು ಹೋಯಿತು. ಕೆಡದಿರಲೆಂದು ಉಪ್ಪು, ನಾಲಿಗೆಗೆ ಹಿಡಿಸಲೆಂದು ಸಕ್ಕರೆ, ಗರಿಗರಿಯಾಗಲೆಂದು ಅಗ್ಗದ ತಾಳೆ ಎಣ್ಣೆ. ದಿಢೀರ್ ನೂಡಲ್ಸ್ ಎರಡೇ ನಿಮಿಷದಲ್ಲಿ ಬೇಯುವುದು ಪವಾಡದಿಂದಲ್ಲ. ಅದನ್ನು ಕಾರ್ಖಾನೆಯಲ್ಲೇ ಬೇಯಿಸಿ ಎಣ್ಣೆಯಲ್ಲಿ ಕರಿದಿರುತ್ತಾರೆ.

ಇದಕ್ಕಿಂತಲೂ ಗಂಭೀರವಾದುದು ಇನ್ನೊಂದಿದೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು ಪ್ರಯೋಗವೊಂದನ್ನು ಪ್ರಕಟಿಸಿದರು. 20 ಮಂದಿಯನ್ನು ಒಂದೆಡೆ ಇರಿಸಿಕೊಂಡು, ಎರಡು ವಾರ ಅತಿ ಸಂಸ್ಕರಿತ ಆಹಾರವನ್ನೂ ಎರಡು ವಾರ ಸಹಜ ಆಹಾರದಿಂದ ಮಾಡಿದ ಅಡುಗೆಯನ್ನೂ ನೀಡಲಾಯಿತು. ಮುಂದಿಟ್ಟ ಎರಡೂ ಬಗೆಯ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಸಮಾನವಾಗಿರುವಂತೆ ಎಚ್ಚರ ವಹಿಸಲಾಗಿತ್ತು. ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯ ಅವರಿಗಿತ್ತು. ಫಲಿತಾಂಶ ಏನಾಯಿತು? ಅತಿ ಸಂಸ್ಕರಿತ ಆಹಾರ ಸೇವಿಸಿದಾಗ ಅವರು ದಿನಕ್ಕೆ ಸರಾಸರಿ 500 ಕ್ಯಾಲೊರಿಗಳಷ್ಟು ಹೆಚ್ಚು ತಿಂದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಐದಾರು ಚಪಾತಿಗಳಷ್ಟು. ಎರಡು ವಾರದಲ್ಲಿ ತೂಕ ಸುಮಾರು 900 ಗ್ರಾಂ ಏರಿತು. ಸಹಜ ಆಹಾರದ ಎರಡು ವಾರದಲ್ಲಿ ಅಷ್ಟೇ ಇಳಿಯಿತು. ಅಂದರೆ ಈ ತಿನಿಸು, 'ಇನ್ನು ಸಾಕು' ಎಂದು ಶರೀರ ಹೇಳುವ ಮಾತನ್ನು ಕೇಳಗೊಡುವುದಿಲ್ಲ. ಹೊಟ್ಟೆಯಲ್ಲಿ ಸ್ವಲ್ಪ ಜಾಗ ಉಳಿದಿರುವಾಗಲೇ ಊಟದಿಂದ ಏಳಬೇಕೆಂದು ಕಲಿಸಲ್ಪಟ್ಟ ಸಮುದಾಯಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇರೆ ಬೇಕೇ?

ಆದ್ದರಿಂದ ಪ್ರತಿಯೊಬ್ಬ ತಾಯಿ, ಪ್ರತಿಯೊಬ್ಬ ತಂದೆ ಪೊಟ್ಟಣದ ಹಿಂಬದಿಯನ್ನು ಓದಲು ಕಲಿಯಬೇಕು. ಮುಂಬದಿಯಲ್ಲಿರುವುದು ಜಾಹೀರಾತು, ಹಿಂಬದಿಯಲ್ಲಿರುವುದು ತಪ್ಪೊಪ್ಪಿಗೆ. ಮೂರು ವಿಷಯ ನೆನಪಿಡಿ. ಒಂದು, ಒಳಗಿರುವ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಮೊದಲ ಮೂರರಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಇದ್ದರೆ ನೀವು ಕೊಳ್ಳುತ್ತಿರುವುದು ಅವನ್ನೇ. ಎರಡು, ಸಕ್ಕರೆಗೆ ಹಲವು ವೇಷಗಳಿವೆ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್ ಎಲ್ಲವೂ ಅದರ ಬಂಧುಗಳೇ. ಮೂರು, ಉಪ್ಪನ್ನು ಸೋಡಿಯಂ ಎಂದು ಮಿಲಿಗ್ರಾಂಗಳಲ್ಲಿ ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರಿಗೂ ಇಡೀ ದಿನಕ್ಕೆ ಸಲ್ಲುವ ಉಪ್ಪು 5 ಗ್ರಾಂಗಿಂತ ಕಡಿಮೆ. ಹಾಗೆಯೇ 300 ಮಿಲಿಲೀಟರಿನ ಕೋಲಾ ಬಾಟಲಿಯಲ್ಲಿ ಸುಮಾರು 30 ಗ್ರಾಂ, ಅಂದರೆ ಆರು ಚಮಚ ಸಕ್ಕರೆಯಿರುತ್ತದೆ. ಚಹಾಕ್ಕೆ ಆರು ಚಮಚ ಸಕ್ಕರೆ ಸುರಿಯುವ ಮಗುವಿನ ಕೈಯನ್ನು ನಾವು ತಡೆಯುತ್ತೇವೆ. ಬಾಟಲಿಯನ್ನಾದರೋ ನಾವೇ ತಂದುಕೊಡುತ್ತೇವೆ.

ಈ ವಿಷಯದಲ್ಲಿ ಸರಕಾರದ ಪಾತ್ರವನ್ನು ಪ್ರಶ್ನಿಸದೆ ಮುಂದೆ ಸಾಗುವಂತಿಲ್ಲ. ಒಂದೆಡೆ, ಸರಕಾರದ್ದೇ ಸಂಸ್ಥೆ ಮಧುಮೇಹಿಗಳನ್ನು ಎಣಿಸುತ್ತದೆ. ಇನ್ನೊಂದೆಡೆ, 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕಲೇಟು, ನೂಡಲ್ಸ್, ನಮ್ಕೀನ್, ಐಸ್‌ಕ್ರೀಂಗಳ ಮೇಲಿನ ಜಿಎಸ್‌ಟಿಯನ್ನು ಶೇ. 12 ಅಥವಾ 18ರಿಂದ ಶೇ. 5ಕ್ಕೆ ಇಳಿಸಲಾಯಿತು. ಸಿಹಿಪಾನೀಯಗಳನ್ನು ಶೇ. 40ರ ವರ್ಗದಲ್ಲಿ ಇರಿಸಿದ್ದು ಸರಿಯಾದ ಕ್ರಮ. ಆದರೆ ಅದೇ ಮಾನದಂಡ ಕೆನೆ ಬಿಸ್ಕತ್ತಿಗೆ ಏಕೆ ಅನ್ವಯವಾಗುವುದಿಲ್ಲ? ಚಿಲಿ ಎಂಬ ಪುಟ್ಟ ದೇಶ 2016ರಲ್ಲೇ ಸಕ್ಕರೆ, ಉಪ್ಪು ಹೆಚ್ಚಿರುವ ಪೊಟ್ಟಣಗಳ ಮುಂಬದಿಯಲ್ಲಿ ಕಪ್ಪು ಬಣ್ಣದ ಎಚ್ಚರಿಕೆಯ ಚಿಹ್ನೆಯನ್ನು ಕಡ್ಡಾಯಗೊಳಿಸಿತು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದರೋ 2022ರಲ್ಲಿ ಎಚ್ಚರಿಕೆಯ ಬದಲು ನಕ್ಷತ್ರಗಳನ್ನು ನೀಡುವ ಕರಡು ತಂದಿತು. ಸಿಗರೇಟಿಗೂ ನಕ್ಷತ್ರ ನೀಡಬಹುದೇ ಎಂದು ಯಾರಾದರೂ ಕೇಳಿದರೆ ಉತ್ತರವೇನು?

ಹಾಗೆಂದು ಒಳ್ಳೆಯ ಕೆಲಸವೇ ನಡೆದಿಲ್ಲವೆಂದಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಅಪಾಯಕಾರಿ ಕೃತಕ ಬಣ್ಣ ಪತ್ತೆಯಾಯಿತು. ಗೋಬಿಗೂ ಬೊಂಬಾಯಿ ಮಿಠಾಯಿಗೂ ಇಂಥ ಬಣ್ಣ ಬಳಸುವುದನ್ನು ನಿಷೇಧಿಸಲಾಯಿತು. ಅದೇ ಜೂನ್‌ನಲ್ಲಿ ಚಿಕನ್ ಮತ್ತು ಮೀನಿನ ಕಬಾಬಿಗೂ ನಿಷೇಧ ವಿಸ್ತರಿಸಿತು. ಕಬಾಬಿನ ವ್ಯಾಪಾರದಲ್ಲಿ ನಮ್ಮವರೇ ಬಹಳ ಮಂದಿ ಇದ್ದಾರೆ. ಕೆಂಪು ಬಣ್ಣವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂಬುದು ಅವರ ಅಳಲು. ಆದರೆ ಬಣ್ಣವಿಲ್ಲದ ಕಬಾಬನ್ನು ಮೊದಲು ಕೇಳಿ ಪಡೆಯುವ ಗಿರಾಕಿಗಳು ನಾವೇ ಏಕಾಗಬಾರದು?

ಇನ್ನೊಂದು ಕಾನೂನಿನ ಕುರಿತು ಶಾಲಾ ಆಡಳಿತ ಮಂಡಳಿಯವರು ಗಮನವಿಟ್ಟು ಕೇಳಬೇಕು. ಕೊಬ್ಬು, ಉಪ್ಪು, ಸಕ್ಕರೆ ಅಧಿಕವಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿ ಮತ್ತು ಶಾಲಾ ಗೇಟಿನಿಂದ 50 ಮೀಟರ್ ಅಂತರದೊಳಗೆ ಮಕ್ಕಳಿಗೆ ಮಾರುವಂತಿಲ್ಲ ಎಂಬ ನಿಯಮಾವಳಿ 2020ರಲ್ಲೇ ಬಂದಿದೆ. ನಮ್ಮ ಸಮುದಾಯದ ಟ್ರಸ್ಟುಗಳು ನಡೆಸುವ ಶಾಲೆಗಳ ಕ್ಯಾಂಟೀನುಗಳಲ್ಲಿ ಏನು ಮಾರಾಟವಾಗುತ್ತಿದೆ ಎಂಬುದನ್ನು ನಾಳೆಯೇ ಹೋಗಿ ನೋಡಿ. ಸರಕಾರಿ ಶಾಲೆಗಳಲ್ಲಿ ಮಕ್ಕಳಿರುವ ಹೆತ್ತವರು ಬಿಸಿಯೂಟದ ಮೊಟ್ಟೆಯ ಮಹತ್ವವನ್ನು ತಿಳಿಯಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅಝೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ನೀಡುವ ಯೋಜನೆ ರಾಜ್ಯದಲ್ಲಿ ಆರಂಭವಾಯಿತು. ಮಗುವಿನ ತಟ್ಟೆಗೆ ಬರುವ ಒಂದು ಬೆಂದ ಮೊಟ್ಟೆಯ ಸುತ್ತ ಈ ರಾಜ್ಯದಲ್ಲಿ ಎಷ್ಟು ವಿವಾದ ಎಬ್ಬಿಸಲಾಯಿತು! ಅದೇ ಮಗುವಿನ ಕೈಗೆ ಬರುವ ಚಿಪ್ಸಿನ ಪೊಟ್ಟಣದ ವಿರುದ್ಧ ಯಾರೂ ಧ್ವನಿಯೆತ್ತಲಿಲ್ಲ.

ಈಗ ಅತ್ಯಂತ ಮುಖ್ಯವಾದ ಪ್ರಶ್ನೆಗೆ ಬರುತ್ತೇನೆ. ಮನೆಯಲ್ಲಿ ಅಡುಗೆ ಮಾಡಬೇಕೆಂದು ಹೇಳುವುದು ಸುಲಭ. ಮಾಡುವವರು ಯಾರು? ಇಂಥ ಭಾಷಣಗಳು ಹೆಚ್ಚಾಗಿ ಮಹಿಳೆಗೆ ಮಾಡುವ ಉಪದೇಶವಾಗಿ ಮುಕ್ತಾಯವಾಗುತ್ತವೆ. ಇಂದಿನ ತಾಯಂದಿರು ಸೋಮಾರಿಗಳಾಗಿದ್ದಾರೆ, ಮೊಬೈಲಿನಲ್ಲಿ ಮುಳುಗಿದ್ದಾರೆ ಎಂದು ದೂಷಿಸಿದರೆ ಸಭೆ ತಲೆದೂಗುತ್ತದೆ. ಆದರೆ ವಾಸ್ತವ ಏನು? 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಪುರುಷರು 88 ನಿಮಿಷ. ಬೀಡಿ ಕಟ್ಟುವ, ಬಟ್ಟೆ ಹೊಲಿಯುವ, ಶಾಲೆಯಲ್ಲಿ ಪಾಠ ಮಾಡುವ ಸಹೋದರಿ ಸಂಜೆ ದಣಿದು ಬಂದು ಮಗುವಿಗೆ ನೂಡಲ್ಸ್ ಬೇಯಿಸಿಕೊಟ್ಟರೆ ಅದು ಆಕೆಯ ಸೋಮಾರಿತನವಲ್ಲ. ಆ ಮನೆಯಲ್ಲಿ ಕೆಲಸದ ಹಂಚಿಕೆ ಸರಿಯಿಲ್ಲ ಎಂಬುದರ ಸೂಚನೆ ಅದು.

ಪ್ರವಾದಿವರ್ಯರು(ಸ) ಮನೆಯಲ್ಲಿರುವಾಗ ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರು ಎಂದು ಅವರ ಪತ್ನಿ ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಗಡ್ಡದ ಸುನ್ನತ್ತಿನ ಕುರಿತು ಗಂಟೆಗಟ್ಟಲೆ ಮಾತಾಡುವ ನಾವು ಈ ಸುನ್ನತ್ತಿನ ಕುರಿತು ಎಷ್ಟು ನಿಮಿಷ ಮಾತಾಡಿದ್ದೇವೆ? ಮದುವೆ ಮನೆಯಲ್ಲಿ ಸಾವಿರ ಮಂದಿಗೆ ಬಿರಿಯಾನಿ ಬೇಯಿಸುವವರು ಗಂಡಸರೇ. ಕೊಲ್ಲಿಯ ಕೋಣೆಗಳಲ್ಲಿ ಸರದಿಯಂತೆ ಅಡುಗೆ ಮಾಡಿಕೊಂಡವರೂ ಗಂಡಸರೇ. ಅಂದ ಮೇಲೆ ಸ್ವಂತ ಮನೆಯ ಒಲೆಯ ಮುಂದೆ ನಿಲ್ಲುವುದು ಮಾತ್ರ ಹೇಗೆ ಅಗೌರವವಾಗುತ್ತದೆ? ತಂದೆ ತರಕಾರಿ ಹೆಚ್ಚಲಿ, ಮಗ ಮೀನು ಶುಚಿಗೊಳಿಸಲಿ, ಮಗಳು ರೊಟ್ಟಿ ತಟ್ಟಲಿ, ಅಜ್ಜಿ ಪಕ್ಕದಲ್ಲಿ ಕೂತು ರುಚಿಯ ಗುಟ್ಟು ಹೇಳಲಿ. ಇಪ್ಪತ್ತು ಪ್ರಾಯದ ಮಗನಿಗೆ ಅನ್ನ, ಸಾರು ಮಾಡಲು ಬರುವುದಿಲ್ಲವೆಂದರೆ ಅವನನ್ನು ನಾವು ಪರಾವಲಂಬಿಯಾಗಿ ಬೆಳೆಸಿದ್ದೇವೆ ಎಂದರ್ಥ.

ಮನೆಯಲ್ಲಿ ಮಾಡಿದ್ದೆಲ್ಲ ತಾನಾಗಿ ತಯ್ಯಿಬ್ ಆಗಿಬಿಡುತ್ತದೆ ಎಂಬ ಭ್ರಮೆಯೂ ಬೇಡ. ರಮಝಾನ್‌ನ ಇಫ್ತಾರ್ ಮೇಜನ್ನು ನೆನಪಿಸಿಕೊಳ್ಳಿ. ಹದಿಮೂರು ಹದಿನಾಲ್ಕು ಗಂಟೆ ಉಪವಾಸವಿದ್ದ ಹೊಟ್ಟೆಗೆ ಸಮೋಸ, ಕಟ್ಲೆಟ್, ಪಕೋಡ, ಜೊತೆಗೆ ಬಣ್ಣದ ಶರಬತ್ತು. ನಿನ್ನೆ ಕರಿದ ಎಣ್ಣೆಯಲ್ಲೇ ಇಂದೂ ಕರಿಯುವುದು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹಾನಿಕಾರಕ ವಸ್ತುಗಳು ಉಂಟಾಗುವುದರಿಂದಲೇ 2018ರಲ್ಲಿ ಹೋಟೆಲುಗಳಿಗೆ ಅದರ ಮಿತಿ ನಿಗದಿಪಡಿಸಲಾಯಿತು. ಮನೆಯ ಬಾಣಲೆಗೆ ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ನಾವೇ ಅಧಿಕಾರಿಗಳು. ಖರ್ಜೂರ, ನೀರು, ಹಣ್ಣು, ಒಂದು ಬಟ್ಟಲು ಗಂಜಿ ಇಷ್ಟರಿಂದ ಉಪವಾಸ ತೊರೆದರೆ ತರಾವೀಹ್‌ಗೆ ನಿಲ್ಲಲು ಕಾಲುಗಳಲ್ಲಿ ಶಕ್ತಿಯೂ ಇರುತ್ತದೆ.

ಹಾಗಾದರೆ ಏನು ಮಾಡೋಣ? ದೊಡ್ಡ ಕ್ರಾಂತಿಯೇನೂ ಬೇಡ. ನಮ್ಮ ಅಜ್ಜಿಯಂದಿರ ಅಡುಗೆ ಬಡವರ ಅಡುಗೆಯಾಗಿತ್ತು, ಆದರೆ ಬರಡು ಅಡುಗೆಯಾಗಿರಲಿಲ್ಲ. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಬಸಳೆ, ನುಗ್ಗೆಸೊಪ್ಪು ಇದೆ. ಅಗ್ಗದ ಮೀನೆಂದು ನಾವು ಕಡೆಗಣಿಸುವ ಬೂತಾಯಿಯಲ್ಲಿ ಹೃದಯಕ್ಕೆ ಹಿತವಾದ ಒಮೆಗಾ 3 ಕೊಬ್ಬು ಹೇರಳವಾಗಿದೆ. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ದಾಲ್ಚಾ ಇದೆ. ಮೈಸೂರು ಕಡೆಯವರಿಗೆ ರಾಗಿಮುದ್ದೆ, ಸೊಪ್ಪಿನ ಸಾರು ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದಕ್ಕಾಗಿ ದುಬಾರಿ ಡಬ್ಬದ ಪುಡಿಯನ್ನೇ ನೆಚ್ಚಿಕೊಳ್ಳಬೇಕಿಲ್ಲ. ಅಂದಹಾಗೆ, ಆ ಡಬ್ಬಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವಿಭಾಗದಿಂದ ತೆಗೆದುಹಾಕುವಂತೆ 2024ರ ಎಪ್ರಿಲ್‌ನಲ್ಲಿ ಕೇಂದ್ರ ಸರಕಾರವೇ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತ್ತು. ಏಕೆಂದರೆ ದೇಶದ ಆಹಾರ ಕಾನೂನಿನಲ್ಲಿ ಅಂಥದ್ದೊಂದು ವಿಭಾಗವೇ ಇಲ್ಲ.

ಒಂದು ವಾರದ ಲೆಕ್ಕಾಚಾರ ಹಾಕಿಕೊಳ್ಳಿ. ರಜಾ ದಿನ ಮನೆಮಂದಿಯೆಲ್ಲ ಕೂತು ಮೂರು ದಿನಕ್ಕಾಗುವಷ್ಟು ದೋಸೆ ಹಿಟ್ಟು ರುಬ್ಬಿಡಿ. ರಾತ್ರಿ ಮಲಗುವ ಮುನ್ನ ಒಂದು ಹಿಡಿ ಕಡಲೆಯನ್ನೋ ಹೆಸರುಕಾಳನ್ನೋ ನೆನೆಹಾಕುವ ಕೆಲಸವನ್ನು ಮಕ್ಕಳಿಗೆ ವಹಿಸಿ. ಸಂಜೆಯ ತಿಂಡಿಗೆ ಬಾಳೆಹಣ್ಣು, ಹುರಿದ ಶೇಂಗಾ ಮತ್ತು ಬೆಲ್ಲ, ಬೇಯಿಸಿದ ಮೊಟ್ಟೆ, ಅವಲಕ್ಕಿ. ಇವು ಯಾವುದಕ್ಕೂ ನೂಡಲ್ಸಿಗಿಂತ ಬಹಳ ಹೊತ್ತು ಬೇಕಾಗುವುದಿಲ್ಲ. ಹತ್ತು ರೂಪಾಯಿಯ ಪೊಟ್ಟಣದಲ್ಲಿ ಬಹುಪಾಲು ಗಾಳಿ, ಒಂದು ಮುಷ್ಟಿ ಚೂರು. ಮಗುವಿನ ಕೈಯಿಂದ ಒಮ್ಮೆಲೇ ಎಲ್ಲವನ್ನೂ ಕಸಿಯಬೇಡಿ, ಹಟ ಹೆಚ್ಚುತ್ತದೆ. ವಾರಕ್ಕೊಮ್ಮೆ ಎಂದು ನಿಗದಿಪಡಿಸಿ. ಆದರೆ ಮನೆಯೊಳಗೆ ದಾಸ್ತಾನು ಇಡಬೇಡಿ. ಕಣ್ಣಿಗೆ ಬೀಳದ ಪೊಟ್ಟಣಕ್ಕಾಗಿ ಮಗು ಹೆಚ್ಚು ದಿನ ಅಳುವುದಿಲ್ಲ.

ಕೊನೆಯದಾಗಿ, ಎಲ್ಲರೂ ಜೊತೆಗೂಡಿ ಉಣ್ಣುವ ಪರಿಪಾಠವನ್ನು ಮರಳಿ ತನ್ನಿ. ಪೊಟ್ಟಣದ ಆಹಾರ ಕಸಿದುಕೊಂಡದ್ದು ಆರೋಗ್ಯವನ್ನಷ್ಟೇ ಅಲ್ಲ. ಅವರವರ ಪೊಟ್ಟಣ, ಅವರವರ ಕೋಣೆ, ಅವರವರ ಮೊಬೈಲು ಎಂಬಂತಾಗಿ ಮನೆಯ ಸಾಮೂಹಿಕ ಊಟವೂ ಕಣ್ಮರೆಯಾಗುತ್ತಿದೆ. ಒಂದೇ ತಟ್ಟೆಯ ಸುತ್ತ ಕೂತು ಉಣ್ಣುವ ಸಂಪ್ರದಾಯ ನಮ್ಮದು. ಮಗನ ಮುಖ ಏಕೆ ಬಾಡಿದೆ, ಮಗಳು ಏಕೆ ಮೌನವಾಗಿದ್ದಾಳೆ ಎಂಬುದು ತಂದೆಗೆ ತಿಳಿಯುತ್ತಿದ್ದುದು ಆ ತಟ್ಟೆಯ ಸುತ್ತಲೇ. ಅದು ಇಲ್ಲವಾದ ಮೇಲೆ, ಮನೆಯವರ ನೋವು ಮನೆಯವರಿಗೇ ಹೊರಗಿನವರಿಂದ ತಿಳಿಯುವಂತಾಗಿದೆ.

ಶರೀರವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಮಕ್ಕಳ ಶರೀರವಂತೂ ಇಮ್ಮಡಿ ಅಮಾನತ್ತು. ಏಕೆಂದರೆ ಅವರ ತಟ್ಟೆಯಲ್ಲಿ ಏನಿರಬೇಕೆಂದು ಇಂದು ತೀರ್ಮಾನಿಸುವವರು ನಾವು. ಅದರ ಫಲವನ್ನು ನಾಳೆ ಅನುಭವಿಸುವವರು ಅವರು. ಆ ಹೊಣೆಯನ್ನು ಅರಿತು ನಿರ್ವಹಿಸುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ ಎಂದು ಪ್ರಾರ್ಥಿಸುತ್ತಾ ನನ್ನ ಮಾತಿಗೆ ವಿರಾಮ ಹಾಕುತ್ತೇನೆ.